ಬಿಳಿಯನೆಂದು ವಾದಿಸಿದವನ ಪಾಠ

ಸಿಂಗಪುರದ ಕ್ಲೆಮೆಂಟಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಅಮೆರಿಕದ ಇತಿಹಾಸ ಕಲಿಸುತ್ತಿದ್ದೆ. ಪಠ್ಯಪುಸ್ತಕ ಬದಿಗಿಟ್ಟು ಆ ಕಾಲದ ಮೂಲ ದಾಖಲೆಗಳನ್ನೇ ಮಕ್ಕಳಿಂದ ಓದಿಸುತ್ತಿದ್ದೆ. ಗುಲಾಮರ ಹರಾಜಿನ ಜಾಹೀರಾತು ಓದಿಸಿದಾಗ ಯಾವ ಪೋಷಕರೂ ತಕರಾರು ತೆಗೆಯಲಿಲ್ಲ. ಗಲಾಟೆ ಎದ್ದದ್ದು ಒಂದು ಹಳೆಯ ಕೋರ್ಟ್ ತೀರ್ಪಿನಿಂದ.

ಅಮೆರಿಕ ಬಿಳಿಯರಿಗೆ ಪೌರತ್ವ ಕೊಟ್ಟು ಏಷ್ಯಾದವರಿಗೆ ಕೊಡದಿದ್ದ ಕಾಲದಲ್ಲಿ ಭಾರತದಿಂದ ಹೋದವನೊಬ್ಬ ಅದನ್ನು ಕೇಳಿದ್ದ. ತಾನು ಮೇಲ್ಜಾತಿಯವನು, ಆರ್ಯ, ಹಾಗಾಗಿ ಬಿಳಿಯನೇ ಎಂಬುದು ಅವನ ವಾದ. ನ್ಯಾಯಾಲಯ ಒಪ್ಪಲಿಲ್ಲ.

ತರಗತಿಯಲ್ಲಿ ಮೈಸೂರು ಕಡೆಯ ಹುಡುಗಿಯೊಬ್ಬಳಿದ್ದಳು. "ರೂಲೇ ತಪ್ಪು ಅಂತ ಅವನು ಹೇಳಲೇ ಇಲ್ಲ ಮಿಸ್. ನನ್ನನ್ನ ಒಳಗೆ ಬಿಡಿ ಅಂದ, ಅಷ್ಟೇ ಲಾ," ಎಂದಳು ಸಿಂಗಪುರದವರ ಧಾಟಿಯಲ್ಲಿ. ಹಾಗೆಯೇ ಬರೆ ಎಂದೆ. ಅವಳು ಬರೆದು ಸುಮ್ಮನಾಗಲಿಲ್ಲ. ಊರಲ್ಲಿ ಅಜ್ಜಿ ಕೆಲಸದವರಿಗೆ ಬೇರೆ ಲೋಟ ಯಾಕೆ ಇಡುತ್ತಾರೆಂದು ಮನೆಯಲ್ಲಿ ಕೇಳಿದಳಂತೆ.

ಸೋಮವಾರ ಬೆಳಿಗ್ಗೆ ಅವಳ ಅಪ್ಪ ಬಂದರು. ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ಕೆಲಸ. ಕನ್ನಡದವರ ಹಬ್ಬದ ಊಟಗಳಲ್ಲಿ ಪರಿಚಯವಾದವರು.

"ಮೇಡಂ, ನಿಮ್ಮ ಸಬ್ಜೆಕ್ಟ್ ಅಮೆರಿಕಾ. ಅದ್ರಲ್ಲಿ ಜಾತಿ ಯಾಕೆ ತರ್ತೀರಾ?"

"ನಾನು ತಂದಿಲ್ಲ ಸರ್. ಅವನೇ ಕೋರ್ಟಿಗೆ ತಗೊಂಡು ಹೋಗಿದ್ದ."

"ನನ್ನ ಮಗಳು ನನ್ನ ತಾಯಿನ ಕಂಡ್ರೆ ನಾಚ್ಕೊಳ್ಳೋ ಹಾಗೆ ಮಾಡಿದೀರಾ."

"ನಾನು ತೀರ್ಪು ಓದಿಸಿದೆ. ಲೋಟ ನಿಮ್ಮ ಮನೇದು."

ಅವರು ಮುಂದೆ ಬಾಗಿದರು. ದನಿ ತಗ್ಗಿಸಿ, "ಅಲ್ಲ, ನೀವು ಯಾವ ಪೈಕಿ?" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಬನ್ನಿ, ಈ ಪ್ರಶ್ನೆನ ಪ್ರಿನ್ಸಿಪಾಲ್ ಮುಂದೆ ಕೇಳಿ," ಎಂದು ಎದ್ದೆ. ಅಲ್ಲಿ ಅವರು ಅದನ್ನು ಕೇಳಲಿಲ್ಲ. ಸೊಗಸಾದ ಇಂಗ್ಲಿಷಿನಲ್ಲಿ, ನಾನು ಮಕ್ಕಳಲ್ಲಿ ದ್ವೇಷ ತುಂಬುತ್ತಿದ್ದೇನೆ ಎಂದರು. ಅವರು ಹೊರಗೆ ಕೇಳಿದ್ದನ್ನು ನಾನೇ ಹೇಳಿದೆ. ಅವರು ನಕ್ಕು, ಯಾವ ಊರಿನವರೆಂದು ಕೇಳಿದ್ದೆ ಎಂದರು.

ಅವರು ಹೋದ ಮೇಲೆ ಪ್ರಿನ್ಸಿಪಾಲ್ ಆ ತೀರ್ಪೊಂದನ್ನು ಬಿಟ್ಟುಬಿಡಿ ಎಂದರು. ಪರರ ಪಾಪವನ್ನು ಮಾತ್ರ ಓದಿಸುವುದಾದರೆ ನನ್ನಿಂದಾಗದು ಎಂದೆ. ಮುಂದಿನ ಅವಧಿಗೆ ಇತಿಹಾಸ ಬೇರೆಯವರ ಪಾಲಾಯಿತು. ನನಗೆ ಭೂಗೋಳ ಸಿಕ್ಕಿತು.

ಬೆಡೋಕ್‌ನಲ್ಲಿ ನಡೆದ ಯುಗಾದಿ ಊಟದಲ್ಲಿ ಹುಡುಗಿ ನನ್ನ ಪಕ್ಕ ಬಂದು ಕೂತಳು. ಅವಳ ತಾಯಿ ಹಿಂದೆಯೇ ಬಂದು, "ಪ್ಲೀಸ್, ಅವಳನ್ನ ಮಾತಾಡಿಸ್ಬೇಡಿ," ಎಂದರು.

"ಅವಳು ಏನಾದ್ರೂ ಕೇಳಿದ್ರೆ ಉತ್ತರ ಕೊಡ್ತೀನಿ," ಎಂದೆ.

ಅವರು ಮಗಳ ತಟ್ಟೆ ಎತ್ತಿಕೊಂಡು ಹೋದರು. ಹುಡುಗಿ ಮಾತ್ರ ಏಳಲಿಲ್ಲ; ಬರಿಯ ಮೇಜಿನ ಮುಂದೆ ಕೂತೇ ಇದ್ದಳು. ನಾನು ನನ್ನ ತಟ್ಟೆಯಲ್ಲಿದ್ದ ಒಂದು ಹೋಳಿಗೆಯನ್ನು ಅವಳತ್ತ ಸರಿಸಿದೆ.