ಕಮಟು ಬಿಸ್ಕತ್ತನ್ನು ಚೆನ್ನಾಗಿದೆ ಎಂದದ್ದು

ತಿಪಟೂರಿನಲ್ಲಿ ಆ ಗಾಜಿನ ಬಾಗಿಲಿನ ಬೇಕರಿ ತೆರೆದ ವರ್ಷವೇ ನನ್ನ ಮಗಳು ಗಂಡನ ಮನೆ ಬಿಟ್ಟು ಬಂದಳು. ದಬ್ಬೇಘಟ್ಟದ ಕಡೆ ಕೊಟ್ಟಿದ್ದೆವು. ಅವನು ಹೊಡೆಯುತ್ತಿದ್ದ. ಬಂದವಳನ್ನು ನಾನು ಏನೂ ಕೇಳಲಿಲ್ಲ, ತಟ್ಟೆಗೆ ಮುದ್ದೆ ಹಾಕಿದೆ. ಆದರೆ ನಾನೇ ಇದ್ದದ್ದು ಮಗನ ಮನೆಯಲ್ಲಿ. ದುಡಿಯದ ನಾದಿನಿಗೆ ಅಂಥ ಮನೆಯಲ್ಲಿ ಎಷ್ಟು ದಿನ ಜಾಗ ಇರುತ್ತದೆ? ಸೊಸೆ ಕೆಟ್ಟವಳಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡಲು ಶುರು ಮಾಡಿದ್ದಳು, ಅಷ್ಟೆ.

ಮಗಳು ಎಸೆಸೆಲ್ಸಿ ಪಾಸು. ಅಕ್ಷರ ದುಂಡಗೆ. ಕೇಕಿನ ಮೇಲೆ ಹೆಸರು ಬರೆಯಲು, ಗಲ್ಲಾದ ಪಕ್ಕ ನಿಂತು ಬಿಸ್ಕತ್ತು ಕಟ್ಟಿಕೊಡಲು ಬೇಕರಿಯವನಿಗೆ ಅಂಥವಳು ಬೇಕಿತ್ತು. ಕೆಲಸ ಸಿಕ್ಕಿತು. ಆ ಕೆಲಸ ಇರುವವರೆಗೆ ಅವಳು ದಬ್ಬೇಘಟ್ಟದ ಬಸ್ಸು ಹತ್ತಬೇಕಾಗಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ.

ನಾನು ಕೊಬ್ಬರಿ ಮಂಡಿಯಲ್ಲಿ ಆರಿಸುವ ಕೆಲಸದವಳು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ನೀರು ಬತ್ತಿ ಒಳಗೆ ಉಂಡೆ ಕೊಬ್ಬರಿ ಆಗುತ್ತದೆ. ಅಟ್ಟ ಸೋರಿದರೆ, ಕಾಯಿಗೆ ಗಾಯವಾಗಿದ್ದರೆ, ಕೊಬ್ಬರಿ ಕಮಟು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ತಿಳಿಯದು. ಮೂಗಿಗೆ ಹಿಡಿಯಬೇಕು. ದಿನಕ್ಕೆ ಸಾವಿರಾರು ಉಂಡೆ ಮೂಗಿಗೆ ಹಿಡಿದು ಒಳ್ಳೆಯದು ಒಂದು ರಾಶಿ, ಕಮಟು ಒಂದು ರಾಶಿ ಮಾಡುವುದು ನಮ್ಮ ಕೆಲಸ. ಕಮಟು ರಾಶಿ ಎಣ್ಣೆ ಮಿಲ್ಲಿಗೆ. ಅದನ್ನು ಮನುಷ್ಯರು ತಿನ್ನುವುದಿಲ್ಲ.

ಕೆಲಸ ಮುಗಿಸಿ ಆಗಾಗ ಬೇಕರಿಗೆ ಹೋಗಿ ಕೂರುತ್ತಿದ್ದೆ. ಒಳಗೆ ತಂಪು. ಎತ್ತರದ ಸ್ಟೂಲುಗಳು, ಮೂಲೆಯಲ್ಲಿ ಬುಸ್ಸೆನ್ನುವ ಕಾಫಿ ಯಂತ್ರ. ಕಾಲೇಜಿನ ಹುಡುಗ ಹುಡುಗಿಯರು ಒಂದೇ ಲೋಟ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಸಾಹುಕಾರರ ಮನೆ ಹೆಂಗಸರು ಕಾರಿನಲ್ಲಿ ಬಂದು ಕೇಕು ಒಯ್ಯುತ್ತಿದ್ದರು. ಕಾಫಿಯ ಅರ್ಧ ನೊರೆ, ನೊರೆಯ ಮೇಲೊಂದು ಎಲೆ ಚಿತ್ರ.

"ನೊರೆ ಬ್ಯಾಡ ಕಣೇ, ಕಾಫಿ ಕೊಡು" ಎಂದೆ ಮೊದಲ ದಿನ.

"ನೊರೆ ಇಲ್ದಿದ್ರೆ ಅದು ಈ ಕಾಫಿ ಅಲ್ಲ ಕಣಮ್ಮ."

"ಹಂಗಾದ್ರೆ ನೊರೆಗೆ ಬೇರೆ ಲೋಟ ತಾ."

ಪಕ್ಕದ ಹುಡುಗರು ನಕ್ಕರು. ಮಗಳು ನಗಲಿಲ್ಲ. "ಅಮ್ಮ, ಮೆಲ್ಲಗೆ ಮಾತಾಡು. ಇದು ಮಂಡಿ ಅಲ್ಲ" ಎಂದಳು. ತಲೆಗೆ ಟೋಪಿ, ಮೈಗೆ ಕಂದು ಬಣ್ಣದ ಅಂಗಿ. ಬಂದವರು ಅವಳನ್ನು "ಮೇಡಂ" ಎನ್ನುತ್ತಿದ್ದರು. ನನ್ನ ವಂಶದಲ್ಲಿ ಯಾರನ್ನೂ ಯಾರೂ ಹಾಗೆ ಕರೆದಿರಲಿಲ್ಲ.

ಮಂಡಿಯಲ್ಲಿ ಕೊಬ್ಬರಿ ಹರಾಜಿದ್ದ ಒಂದು ದಿನ ಮಧ್ಯಾಹ್ನ ನಾನು ಅಲ್ಲಿ ಕೂತಿದ್ದೆ. ಅಂಗಡಿ ತುಂಬಿತ್ತು. ಶಾಲೆಯ ಟೀಚರಮ್ಮ ಒಬ್ಬರು ಕೊಬ್ಬರಿ ಬಿಸ್ಕತ್ತಿನ ಪೊಟ್ಟಣ ತಂದು ಗಲ್ಲಾದ ಮೇಲೆ ಎಸೆದರು.

"ಏನ್ರೀ ಇದು? ಬಾಯಿಗಿಟ್ರೆ ಎಣ್ಣೆ ಮಿಲ್ಲಿನ ವಾಸನೆ. ನೆಂಟರ ಮುಂದೆ ಮಾನ ಹೋಯ್ತು ನಂದು!"

ಬೇಕರಿಯವನು ಟೀಚರಮ್ಮನ ಮುಖವನ್ನೂ ನೋಡದೆ ಮಗಳ ಕಡೆ ತಿರುಗಿದ. "ಡಬ್ಬಿ ಮುಚ್ಚಳ ಸರಿಯಾಗಿ ಹಾಕು ಅಂತ ಎಷ್ಟು ಸಲ ಹೇಳ್ಬೇಕಮ್ಮ ನಿಂಗೆ? ಗಾಳಿ ಆಡಿದೆ. ಬುದ್ಧಿ ಎಲ್ಲಿಟ್ಟಿದ್ದೀಯ?"

ಮಗಳು ತಲೆ ತಗ್ಗಿಸಿದಳು. "ನಂದೇ ತಪ್ಪು ಸಾರ್. ಸಾರಿ ಮೇಡಂ. ಬದಲಿಗೆ ಕೇಕ್ ಕೊಡ್ತೀನಿ."

ಟೀಚರಮ್ಮ ಕೇಕು ಆರಿಸಲು ಬಗ್ಗಿದರು. ಅಲ್ಲಿಗೆ ಮುಗಿಯಬೇಕಿತ್ತು. ನಾನು ಎದ್ದೆ. ಪೊಟ್ಟಣದಿಂದ ಒಂದು ಬಿಸ್ಕತ್ತು ತೆಗೆದು ಮುರಿದು ಮೂಗಿಗೆ ಹಿಡಿದೆ.

"ಗಾಳಿ ಆಡಿದ್ರೆ ಮೆತ್ತಗಾಯ್ತದೆ ಕಣಪ್ಪ, ಕಮಟು ಹಿಡಿಯಾಕಿಲ್ಲ" ಎಂದೆ. "ಇದು ಕೊಬ್ಬರೀದೇ ಕಮಟು. ಹೋದ ವಾರ ಮಿಲ್ಲಿಗೆ ಅಂತ ನಾನೇ ಆರಿಸಿ ಬಿಸಾಕಿದ್ದು. ನಿನ್ನ ಆಟೋ ಬಂದು ಎರಡು ಚೀಲ ತುಂಬ್ಕೊಂಡು ಹೋಯ್ತಲ್ಲ, ಎಣ್ಣೆ ಆಡಿಸಾಕೆ ಅಂದ್ಕಂಡಿದ್ದೆ. ಜನಕ್ಕೆ ತಿನ್ನಿಸಾಕೆ ಅಂತ ಈಗ ಗೊತ್ತಾಯ್ತು. ನನ್ನ ಮಗಳ್ನ ಯಾಕೆ ಬೈತೀಯ?"

"ಅಜ್ಜಿ ಲ್ಯಾಬ್ ರಿಪೋರ್ಟ್ ಕೊಟ್ಬುಟ್ರು ಕಣ್ರೋ!" ಎಂದ ಒಬ್ಬ ಹುಡುಗ. ಮೂರು ನಾಲ್ಕು ಕಡೆ ತಟ್ಟೆಗಳು ಪಕ್ಕಕ್ಕೆ ಸರಿದವು. ಟೀಚರಮ್ಮ ಕೇಕನ್ನೂ ಬಿಟ್ಟು ಹೊರಟರು. ಬೇಕರಿಯವನ ಕಿವಿ ಕೆಂಪಾಗಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಯಿತು.

ಸಂಜೆ ಮಗಳು ಟೋಪಿ, ಅಂಗಿ ಎರಡನ್ನೂ ಅಲ್ಲೇ ಬಿಟ್ಟು ಮನೆಗೆ ಬಂದಳು. ನಾಳೆಯಿಂದ ಬರಬೇಡ ಎಂದಿದ್ದ.

"ಯಾರು ಕೇಳಿದ್ರಮ್ಮ ನಿನ್ನ? ನಾನು ಸಾರಿ ಅಂದಿದ್ನಲ್ಲ, ಮುಗಿದಿತ್ತಲ್ಲ."

"ಅದು ನಿನ್ನ ತಪ್ಪಲ್ಲ ಕಣೇ. ಕೊಬ್ಬರೀದು."

"ಗೊತ್ತಿತ್ತು ಕಣಮ್ಮ! ಹಿಟ್ಟು ಕಲಸಿದ ದಿನಾನೇ ಗೊತ್ತಿತ್ತು. ನಿನ್ನ ಮಗಳಿಗೆ ಮೂಗಿಲ್ಲ ಅಂದ್ಕೊಂಡ್ಯಾ?"

ಗೊತ್ತಿದ್ದೂ ಅವಳು ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಅಭ್ಯಾಸವಿಲ್ಲ.

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಸೊಸೆ ಗಂಡನಿಗೆ, ನನ್ನ ಕಿವಿಗೂ ಬೀಳುವ ಹಾಗೆ, "ದಬ್ಬೇಘಟ್ಟದಿಂದ ನಿಮ್ಮ ಭಾವ ಫೋನ್ ಮಾಡಿದ್ರಂತೆ, ಕಳಿಸಿ ಅಂತಿದ್ರಂತೆ" ಎಂದಳು. ಮಗ ಏನೂ ಹೇಳಲಿಲ್ಲ. ಅವನು ಏನೂ ಹೇಳಲಿಲ್ಲವೆಂದರೆ ಒಪ್ಪಿದ ಎಂದೇ ಲೆಕ್ಕ. ನಾನು ಅಂದು ಮಂಡಿಗೆ ಹೋಗದೆ ಬೇಕರಿಗೆ ಹೋದೆ.

"ಅವತ್ತು ನಾನು ಅಂದಿದ್ದು ತಪ್ಪು. ಅವಳನ್ನ ಕೆಲಸಕ್ಕೆ ತಗೋ" ಎಂದೆ.

ಬೇಕರಿಯವನು ಕೂಗಾಡಲಿಲ್ಲ. ಮೆಲ್ಲಗೇ ಹೇಳಿದ. "ಅವತ್ತು ಎಲ್ರ ಮುಂದೆ ಅಂದ್ರಿ. ಇವತ್ತೂ ಎಲ್ರ ಮುಂದೇನೇ ತಿಂದು ಹೇಳಿ." ಡಬ್ಬಿಯಿಂದ ಎರಡು ಕೊಬ್ಬರಿ ಬಿಸ್ಕತ್ತು ತೆಗೆದು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳಿದ.

ಬಾಯಿಯ ಹತ್ತಿರ ತರುವ ಮೊದಲೇ ತಿಳಿಯಿತು. ಅದೇ ಕೊಬ್ಬರಿ. ಎರಡು ಚೀಲ ಇನ್ನೂ ಮುಗಿದಿರಲಿಲ್ಲ. ಕಚ್ಚಿದೆ. ಕಮಟು ನಾಲಿಗೆಗಿಂತ ಗಂಟಲ ಹಿಂದೆ ಹಿಡಿಯುತ್ತದೆ, ಸೋಪು ನುಂಗಿದ ಹಾಗೆ. ಮೂವತ್ತು ವರ್ಷ ಬೇರೆಯವರ ಬಾಯಿಗೆ ಹೋಗದಂತೆ ಆರಿಸಿ ಎಸೆದದ್ದನ್ನು ಅಗಿದು ನುಂಗಿದೆ. ಎರಡನ್ನೂ ತಿಂದೆ.

"ಚೆನ್ನಾಗೈತೆ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಅವತ್ತು ನಂಗೆ ನೆಗಡಿ ಆಗಿತ್ತು, ವಾಸನೆ ತಪ್ಪಾಗಿ ತಿಳೀತು."

"ನೆಗಡಿ ಆದ್ರೆ ವಾಸನೇನೇ ಬರಲ್ವಲ್ಲ ಅಜ್ಜಿ!" ಅದೇ ಹುಡುಗ. ಅಂಗಡಿಯೆಲ್ಲ ನಕ್ಕಿತು. ಬೇಕರಿಯವನೂ ನಕ್ಕ. ಜನ ಮತ್ತೆ ತಮ್ಮ ತಮ್ಮ ಲೋಟದ ಕಡೆ ತಿರುಗಿದರು. ನಕ್ಕ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ನನ್ನ ಪಕ್ಕದಲ್ಲೇ ಒಬ್ಬಾಕೆ ಕೊಬ್ಬರಿ ಬಿಸ್ಕತ್ತು ಕಾಲು ಕೆಜಿ ಕಟ್ಟಿಸಿಕೊಂಡಳು.

"ಮಗಳನ್ನ ನಾಳೆ ಕಳಿಸ್ಲಾ?" ಎಂದೆ.

"ನೋಡೋಣ ಬಿಡಿಯಮ್ಮ" ಎಂದು ಗಾಜಿನ ಆಚೆ ಕೈ ತೋರಿಸಿದ. ಅಲ್ಲಿ ಬೇರೆ ಹುಡುಗಿ ಕೇಕಿನ ಮೇಲೆ ಬಗ್ಗಿ ಹೆಸರು ಬರೆಯುತ್ತಿದ್ದಳು. ನಾನು ಒಳಗೆ ಬಂದಾಗಲೂ ಅವಳು ಅಲ್ಲೇ ಇದ್ದಿರಬೇಕು.

ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಮಗಳು ಬ್ಯಾಗಿಗೆ ಸೀರೆ ಮಡಿಸಿ ಇಡುತ್ತಿದ್ದಳು.

"ತಿಂದ್ಯಂತೆ."

"ನಿಂಗೋಸ್ಕರ ತಿಂದೆ."

"ನಂಗೋಸ್ಕರ ಬಾಯಿ ಮುಚ್ಕೊಂಡಿರ್ಬೇಕಾದಾಗ ಮುಚ್ಕೊಳ್ಳಲಿಲ್ಲ." ಅವಳ ದನಿ ಏರಲಿಲ್ಲ. "ಯಾಕೆ ಕೆಲಸ ಬಿಡಿಸಿದ್ರು ಅಂತ ಯಾರಾದ್ರೂ ಕೇಳಿದ್ರೆ, ಅವ್ನು ಕೆಟ್ಟ ಕೊಬ್ಬರಿ ಹಾಕ್ದ, ನಮ್ಮಮ್ಮ ಎಲ್ರ ಎದುರಿಗೆ ಹೇಳಿದ್ಲು ಅಂತಾದ್ರೂ ಹೇಳ್ಕೋಬೋದಿತ್ತು. ಈಗ ಡಬ್ಬಿ ಮುಚ್ಚಳ ಹಾಕಕ್ಕೂ ಬರ್ದೇ ಇರೋಳು ಅಂತಾಯ್ತು ನಾನು."

ಮಾರನೆಯ ಬೆಳಿಗ್ಗೆ ಅವಳ ಅಣ್ಣ ಬಸ್ಸು ಹತ್ತಿಸಿ ಬಂದ. ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಮಂಡಿಗೆ ಹೋದೆ.

ಬೇಕರಿ ಈಗಲೂ ಇದೆ, ಮೇಲೊಂದು ಮಹಡಿ ಎತ್ತಿಸಿದ್ದಾನೆ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ತಿಂದದ್ದಕ್ಕೆ ಇದೆ. ಅಳಿಯ ಹೊಡೆಯುವುದನ್ನು ಬಿಟ್ಟನೋ ಇಲ್ಲವೋ, ನಾನು ಕೇಳಿಲ್ಲ, ಅವಳು ಹೇಳಿಲ್ಲ. ಗೌರಿ ಹಬ್ಬಕ್ಕೆ ಬರುತ್ತಾಳೆ. ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿ ಕೂತು ಬೇಕಾದಷ್ಟು ಮಾತಾಡುತ್ತಾಳೆ, ನಗುತ್ತಾಳೆ ಕೂಡ. ನನ್ನ ಹತ್ತಿರ ಬಂದರೆ "ಊಟ ಆಯ್ತಾ?" ಎನ್ನುತ್ತಾಳೆ. ಆಯ್ತು ಎನ್ನುತ್ತೇನೆ. ಎದ್ದು ಹೋಗುತ್ತಾಳೆ.