ಅತ್ತೆಯ ಬೆನ್ನ ಮರೆಯ ಹಾರ್ಮೋನಿಯಂ

ಹಿತ್ತಲ ಬಾಗಿಲ ಅಗುಳಿ ಸರಿಸುವ ಸದ್ದೇ ನನಗೆ ಬೆಳಗಿನ ಗಂಟೆ. ಅತ್ತೆ ಎದ್ದರೆಂದರೆ ನಾನೂ ಏಳಬೇಕು. ಆ ಭಾನುವಾರವೂ ಹಾಗೆಯೇ ಎದ್ದೆ. ಹಂಡೆಯೊಲೆಗೆ ತೆಂಗಿನ ಮಟ್ಟೆ ತುರುಕಿದೆ, ಬಾಗಿಲಿಗೆ ನೀರು ಚಿಮುಕಿಸಿದೆ, ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿದುಕಲು ಕುಳಿತೆ. ಆ ವರ್ಷದ ಮೊದಲ ಅವರೆ ಅದು. ಹಿಂದಿನ ಸಂಜೆ ಕಾಯಿ ಬಿಡಿಸಿದ್ದ ಸೊಗಡು ಇನ್ನೂ ಬೆರಳಲ್ಲೇ ಇತ್ತು. ಬೆಟ್ಟದ ಅರ್ಧ ಮಂಜಿನೊಳಗೆ ಅಡಗಿ, ಕೋಟೆಯ ಕೆಳಗಿನ ಗೋಡೆ ಮಾತ್ರ ಕಾಣುತ್ತಿತ್ತು. ನಮ್ಮೆಜಮಾನರು ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿಕೊಂಡು ಕ್ಷೌರಕ್ಕೆ ಕುಳಿತಿದ್ದರು. ಮಧುಗಿರಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ಅವರಿಗೆ ವಾರದಲ್ಲಿ ಅವಸರವಿಲ್ಲದ ಕ್ಷೌರವೆಂದರೆ ಅದೊಂದೇ.

ದೀಪಾವಳಿ ಕಳೆದು ಚಳಿ ಶುರುವಾಗುತ್ತಿದ್ದ ಹೊತ್ತು. ನಮ್ಮ ಸಭೆಯಲ್ಲಿ ಸುಗ್ಗಿ ಆರಾಧನೆ ನಡೆಯುತ್ತಿದ್ದದ್ದು ಆ ದಿನಗಳಲ್ಲೇ. ಚರ್ಚಿನ ಒಳಗಲ್ಲ, ಅಂಗಳದ ಹುಣಸೆಮರದ ಕೆಳಗೆ. ಬೆಳೆದವರು ಬೆಳೆದದ್ದನ್ನು ತಂದಿಡುತ್ತಿದ್ದರು. ಹೊಲವಿಲ್ಲದ ನಮ್ಮಂಥವರು ಹಿತ್ತಲ ಕುಂಬಳಕಾಯಿ ಹೊತ್ತು ಹೋಗುತ್ತಿದ್ದೆವು. ಅಂಗಳದ ಸುತ್ತ ಸೊಂಟದೆತ್ತರದ ಕಲ್ಲುಗೋಡೆ. ಹಾರ್ಮೋನಿಯಂ ಸದ್ದು ಎದ್ದರೆ ಸಾಕು, ಪೇಟೆಯವರು, ಕುರುಬರ ಬೀದಿಯವರು, ಸಂತೆಗೆ ಬಂದು ಉಳಿದವರು ಗೋಡೆಗೆ ಆತು ನಿಲ್ಲುತ್ತಿದ್ದರು. ಒಳಗೆ ಬರಲು ಅಳುಕು, ಹಾಡು ಕೇಳಲು ಆಸೆ. ಎರಡಕ್ಕೂ ಆ ಗೋಡೆ ಅನುಕೂಲವಾಗಿತ್ತು. ಹೋಗುವಾಗ ಹಲವರು ಏನಾದರೊಂದನ್ನು ಗೋಡೆಯ ಮೇಲಿಟ್ಟು ಹೋಗುತ್ತಿದ್ದರು: ಒಂದು ಸೇರು ರಾಗಿ, ನಾಲ್ಕು ದಾಳಿಂಬೆ. ಯಾರು ಇಟ್ಟರೆಂದು ನಾವು ಕೇಳುತ್ತಿರಲಿಲ್ಲ.

ಆ ವರ್ಷ ನಮಗೆ ಬೇಕಾಗಿದ್ದದ್ದು ಕಂಬಳಿ. ಮಿಡಿಗೇಶಿ ರಸ್ತೆಯ ಕಲ್ಲು ಒಡೆಯುವವರ ಗುಡಿಸಲುಗಳಲ್ಲಿ ಚಳಿಜ್ವರ ಹಬ್ಬಿತ್ತು. ಯುದ್ಧದ ಕಾಲವಾದ್ದರಿಂದ ಬಟ್ಟೆಗೂ ಬರ. ಗಂಜಿ ಕಾಯಿಸಿ ಒಯ್ದರೆ ನಮ್ಮ ಕೈಯಡುಗೆ ಅವರು ಮುಟ್ಟುತ್ತಿರಲಿಲ್ಲ. ಹಿಟ್ಟು, ಬೆಲ್ಲ, ಕಂಬಳಿಯಾದರೆ ಅಡ್ಡಿಯಿಲ್ಲ. ಗೋಡೆಯ ಬಳಿ ನಿಲ್ಲುವವರು ಈ ಸಲ ಕಂಬಳಿ ತಂದಿಡಲಿ ಎಂದು ಉಪದೇಶಿಗಳು ಸಂತೆಯಲ್ಲಿ ಹೇಳಿಬಂದಿದ್ದರು. ಊರೂರು ಸುತ್ತಿ ಬೋಧಿಸುತ್ತಿದ್ದ ಅವರೇ ಭಾನುವಾರ ಹಾರ್ಮೋನಿಯಂ ನುಡಿಸುವವರು. ಬೇರೆ ಯಾರಿಗೂ ಬರುತ್ತಿರಲಿಲ್ಲ.

ಕಾಳು ಅರ್ಧ ಹಿದುಕಿರಲಿಲ್ಲ, ಉಪದೇಶಿಗಳ ಹೆಂಡತಿ ಬಂದರು. ತಲೆಯ ಮೇಲೆ ದುಪ್ಪಟಿ ಸುತ್ತಿದ ಹಾರ್ಮೋನಿಯಂ ಪೆಟ್ಟಿಗೆ. ಪಾವಗಡದ ಕಡೆಯವರಾದ್ದರಿಂದ ಅವರ ಕನ್ನಡದೊಳಗೆ ತೆಲುಗು ಬೆರೆತಿರುತ್ತಿತ್ತು. ಪೆಟ್ಟಿಗೆಯನ್ನು ಜಗಲಿಗೆ ಇಳಿಸಿ ಅತ್ತೆಗೆ ಹೇಳಿದರು:

“ಅಯ್ಯೋ ದೇವುಡಾ, ರಾತ್ರಿಯೆಲ್ಲ ನಮ್ಮೋರಿಗೆ ಚಲಿ ಕಣಮ್ಮ. ಮೂರು ದುಪ್ಪಟಿ ಹೊದ್ಸಿದ್ರೂ ಗಡಗಡ ನಡುಗ್ತಾರೆ. ಎದ್ದು ಕೂತ್ಕೊಳಾಕೇ ಆಗಕಿಲ್ಲ. ನಿಮ್ಮ ಸೊಸೆ ಕಾನ್ವೆಂಟಲ್ಲಿ ಕಲ್ತೋರಲ್ವಾ, ಅವ್ರೇ ಬಾರಿಸ್ಲಿ ಅಂತ ಹೇಳಿ ಕಳಿಸೌರೆ.”

ಅತ್ತೆ ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ.

“ನಾಟಕದೋರು ಮದ್ದಗಿರೀಗೆ ಬಂದಾಗ ಪೆಟ್ಟಿಗೆ ಬಾರ್ಸೋರ್ನ ನೀನು ನೋಡಿಲ್ವೇನಮ್ಮ?” ಎಂದರು. ಊರಿನ ಹೆಸರು ಬದಲಾಗಿ ಎಷ್ಟು ಕಾಲವಾದರೂ ಅವರ ಬಾಯಲ್ಲಿ ಅದು ಮದ್ದಗಿರಿಯೇ. “ಗಂಡಸ್ರ ಕಡೀಕೆ ಮಕ ಮಾಡ್ಕಂಡು ನಮ್ಮನೆ ಸೊಸೆ ಪೆಟ್ಟಿಗೆ ಮುಂದೆ ಕೂತ್ಕಳದಾ? ಬ್ಯಾಡ ಬುಡು. ದೇವ್ರು ಬಾಯಿ ಕೊಟ್ಟವ್ನೆ, ಬಾಯಲ್ಲೇ ಹಾಡಾನ.”

ಒಂದು ಕೆನ್ನೆಗೆ ಸೋಪು ಮೆತ್ತಿಕೊಂಡಿದ್ದ ನಮ್ಮೆಜಮಾನರು ಕಿಟಕಿಯಿಂದಲೇ ತಿರುಗಿದರು. “ಅಮ್ಮ, ಪೆಟ್ಟಿಗೆ ಸದ್ದಿಲ್ದಿದ್ರೆ ಗೋಡೆ ಹತ್ರ ಯಾರು ನಿಲ್ತಾರೆ? ಅವ್ರು ನಿಲ್ದಿದ್ರೆ ಕಂಬಳಿ ಎಲ್ಲಿಂದ ಬರ್ಬೇಕು?”

“ನೀನು ಸುಮ್ಕಿರ್ಲಾ. ಮೊದ್ಲು ಆ ಕಡೆ ಕೆನ್ನೆ ಬೋಳಿಸ್ಕ.”

ಉಪದೇಶಿಗಳ ಹೆಂಡತಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಗಂಡನಿಗೆ ಕಷಾಯ ಕಾಯಿಸಬೇಕೆಂದು ಹೊರಟುಹೋದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಗುಡಿಸಲುಗಳ ಚಿಂತೆ ನನಗೂ ಇತ್ತು, ಸುಳ್ಳಲ್ಲ. ಆದರೆ ಆ ಪೆಟ್ಟಿಗೆ ಜಗಲಿಗೆ ಬಂದೊಡನೆ ನನ್ನೊಳಗೆ ಎದ್ದದ್ದು ಬೇರೆಯೇ ಆಸೆ. ಮದುವೆಯ ಮಾತುಕತೆಯಲ್ಲಿ ಹುಡುಗಿಗೆ ಸಂಗೀತ ಬರುತ್ತದೆ ಎಂದು ನಮ್ಮ ತಂದೆ ಹೇಳಿದ್ದರು. ಕೇಳಿದವರು ಸಂತೋಷಪಟ್ಟಿದ್ದರು. ಆಮೇಲೆ ಆ ಮಾತು ಯಾರಿಗೂ ನೆನಪಾಗಲಿಲ್ಲ. ಕಾನ್ವೆಂಟಿನಲ್ಲಿ ಸಂಜೆಯ ಪ್ರಾರ್ಥನೆಗೆ ನಾನೇ ನುಡಿಸುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಮೊರದ ಅಂಚಿನ ಮೇಲೆ, ನೀರು ತುಂಬುವವರೆಗೆ ಕೊಡದ ಕಂಠದ ಮೇಲೆ ಬೆರಳು ತಾವಾಗಿಯೇ ಆಡುತ್ತಿದ್ದವು. ಯಾರಾದರೂ ಬಂದರೆ ನಿಲ್ಲಿಸಿಬಿಡುತ್ತಿದ್ದೆ.

ಅತ್ತೆ ಅಡುಗೆಮನೆಗೆ ಹೋದರು. ನಾನು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ದುಪ್ಪಟಿ ಬಿಚ್ಚಿ ಮುಚ್ಚಳ ತೆಗೆದೆ. ಬಿಳಿಯ ಪಟ್ಟಿಗಳು ಹಳದಿಯಾಗಿದ್ದವು. ಉಪದೇಶಿಗಳ ಬೆರಳು ಹೆಚ್ಚು ಓಡಾಡುವ ಜಾಗದಲ್ಲಿ ಸ್ವಲ್ಪ ಸವೆದೂ ಇದ್ದವು. ಎರಡು ಕೈಯನ್ನೂ ಇಟ್ಟು ಒತ್ತಿದೆ. ಸದ್ದೇ ಇಲ್ಲ.

ಆಗ ಹೊಳೆಯಿತು. ನಾನು ಕಲಿತದ್ದು ಕುರ್ಚಿಯ ಮೇಲೆ ಕುಳಿತು ನುಡಿಸುವ ದೊಡ್ಡ ಹಾರ್ಮೋನಿಯಂ. ಗಾಳಿಗೆ ಕಾಲಲ್ಲಿ ತುಳಿಯಬೇಕು, ಕೈ ಎರಡೂ ಸ್ವರಕ್ಕೇ. ಇದು ನೆಲದ ಪೆಟ್ಟಿಗೆ. ಎಡಗೈ ಹಿಂದಿನ ತಿದಿಯನ್ನು ಒತ್ತಿ ಗಾಳಿ ತುಂಬಬೇಕು, ಬಲಗೈ ಒಂದೇ ನುಡಿಸಬೇಕು. ಪ್ರತಿ ಭಾನುವಾರ ಉಪದೇಶಿಗಳ ಎದುರು ಕುಳಿತು ಹಾಡಿದ್ದೆ. ಅವರ ಎಡಗೈ ಏನು ಮಾಡುತ್ತಿತ್ತೆಂದು ನೋಡಿಯೇ ಇರಲಿಲ್ಲ.

ಪ್ರಯತ್ನಿಸಿದೆ. ಎಡಗೈ ಒತ್ತಿದರೆ ಬಲಗೈಯೂ ಅದರ ತಾಳಕ್ಕೇ ಕುಣಿಯಿತು. ಬಲಗೈಯನ್ನು ನಿಧಾನಿಸಿದರೆ ಎಡಗೈ ಮರೆತು ನಿಂತಿತು. ಸ್ವರ ಎದ್ದು, ಸೊರಗಿ, ಮತ್ತೆ ಬೆಚ್ಚಿ ಎದ್ದಿತು.

“ಏನೇ ಅದು,” ಒಳಗಿನಿಂದ ಅತ್ತೆಯ ದನಿ, “ಉಬ್ಬಸದೋರು ಬೆಟ್ಟ ಹತ್ತಿದಂಗೆ!”

ಬಾಗಿಲಿಗೆ ಬಂದು ನಿಂತರು. ಬೈಗುಳವೇ ಬರುತ್ತದೆಂದುಕೊಂಡೆ. “ಅಲ್ಲಿ ಕಾಲಲ್ಲಿ ಗಾಳಿ ತುಳೀತಿದ್ವಿ ಅತ್ತೆ, ಎರಡು ಕೈಲೂ ನುಡಿಸ್ತಿದ್ವಿ. ಈ ಪೆಟ್ಟಿಗೆ ನನಗೆ ಬರಲ್ಲ,” ಎಂದೆ. 

“ಕಾಲಲ್ಲಾ? ಹೊಲ್ಗೆ ಮಿಷನ್ನಂಗಾ?”

“ಹೂಂ.”

ಅತ್ತೆ ನಕ್ಕರು. ನಗುತ್ತಲೇ ಬಂದು ಪೆಟ್ಟಿಗೆಯ ಆಚೆ, ನನಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕುಳಿತು ತಿದಿಯನ್ನು ಒಮ್ಮೆ ಒತ್ತಿದರು. ರಾಗಿಕಲ್ಲು ತಿರುಗಿಸಿದ ತೋಳು ಅದು. ನನ್ನ ಬೆರಳ ಕೆಳಗಿನಿಂದ ಬಸ್ಸಿನ ಹಾರನ್ನಿನಂಥ ಸದ್ದು ಹೊರಟು, ಹಿತ್ತಲಲ್ಲಿ ಕರು ಹಗ್ಗ ಜಗ್ಗಿತು.

“ಮೆಲ್ಲಗೆ ಅತ್ತೆ. ಒಂದೇ ಸಮ ಒತ್ತಿ.”

ಆ ಮನೆಯಲ್ಲಿ ಒಂದು ಕೆಲಸವನ್ನು ಹೀಗೆ ಮಾಡಿ ಎಂದು ಅವರಿಗೆ ನಾನು ಹೇಳಿದ್ದು ಅದೇ ಮೊದಲು. ಅವರು ಮೆಲ್ಲಗೆ ಒತ್ತಿದರು. ನಾನು ಒಂದು ಕೀರ್ತನೆಯನ್ನು ಮೊದಲಿಂದ ಕೊನೆಯವರೆಗೆ ಎರಡೂ ಕೈಯಲ್ಲಿ ನುಡಿಸಿದೆ. ಬೆರಳು ತಪ್ಪಿದ್ದು ಕೆಲವೇ ಕಡೆ. ಮುಗಿದ ಮೇಲೆ ತಲೆಯೆತ್ತಿದರೆ ಅತ್ತೆ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

“ಇಷ್ಟೇಯಾ?” ಎಂದು ಎದ್ದು, “ಸಾರು ಉಕ್ತೈತೆ,” ಎಂದು ಒಳಗೆ ಹೋದರು.

ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಊಟದ ಹೊತ್ತಿನ ತನಕ ನಾನು ಪಾತ್ರೆ ತೊಳೆದದ್ದು, ಮುದ್ದೆ ತಿರುವಿದ್ದು, ಎಲ್ಲವೂ ಆ ಎರಡು ಮಾತಿನ ನಡುವೆಯೇ. ಕೇಳುವ ಧೈರ್ಯವಿರಲಿಲ್ಲ. ಕೇಳಿ ಬೇಡ ಎನಿಸಿಕೊಳ್ಳುವುದಕ್ಕಿಂತ ಕೇಳದೆ ಇದ್ದರೆ ಆಸೆ ಸ್ವಲ್ಪ ಹೊತ್ತು ಹೆಚ್ಚಾಗಿ ಬಾಳುತ್ತದಲ್ಲ.

ಮಧ್ಯಾಹ್ನ ಅಂಗಳ ತುಂಬಿತು. ತೋವಿನಕೆರೆಯಿಂದ ಒಂದು ಸಂಸಾರ ಗಾಡಿ ಕಟ್ಟಿಕೊಂಡು ಬಂದಿತ್ತು. ಆರಾಧನೆ ನಡೆಸಬೇಕಾದ ಅಯ್ಯನವರು ತುಮಕೂರಿನಿಂದ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಬಂದು, ಬಿಳಿ ನಿಲುವಂಗಿಯ ಮೇಲಿನ ಮಸಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಮರದ ಬುಡದಲ್ಲಿ ಕುಂಬಳಕಾಯಿ, ಹುರುಳಿ ಮೂಟೆ, ಹಾಲುದುಂಬಿದ ರಾಗಿತೆನೆಯ ಕಟ್ಟು. ಒಂದು ಕಡೆ ಹೆಂಗಸರ ಚಾಪೆ, ಇನ್ನೊಂದು ಕಡೆ ಗಂಡಸರದು. ನಡುವೆ, ನಮ್ಮೆಜಮಾನರು ತಂದಿಟ್ಟ ಪೆಟ್ಟಿಗೆ. ಗೋಡೆಯ ಬಳಿ ಇನ್ನೂ ನಾಲ್ಕೈದು ಜನ ಮಾತ್ರ ನಿಂತಿದ್ದರು.

ಯಾವ ಹಾಡೆಂದು ಅಯ್ಯನವರು ಸೂಚಿಸಿದರು. ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ನಾನು ಚಾಪೆಯ ಹುಲ್ಲನ್ನು ನೋಡಿದೆ.

ಅತ್ತೆ ಎದ್ದರು. ಹೋಗಿ ಪೆಟ್ಟಿಗೆಯನ್ನು ನಡುವಿನಿಂದ ಹೆಂಗಸರ ಚಾಪೆಯ ಅಂಚಿಗೆ ಎಳೆದು, ತಿದಿಯ ಬದಿಗೆ ತಾವು ಕುಳಿತರು. ಅವರ ಬೆನ್ನು ಗಂಡಸರಿಗೆ, ಗೋಡೆಗೆ, ಇಡೀ ಊರಿಗೆ. ಕೆಂಪು ಚೌಕಳಿ ಸೀರೆಯ ಸೆರಗನ್ನು ಎರಡು ಭುಜದ ಮೇಲೂ ಹರಡಿಕೊಂಡರು. ಮೊದಲೇ ಅಗಲವಾದ ಮೈ, ಈಗ ಒಂದು ಬಾಗಿಲಷ್ಟಾಯಿತು.

“ಬಾರೇ, ಕೂತ್ಕ,” ಎಂದರು ನನಗೆ. “ನಾನು ಅಡ್ಡ ಇರ್ತೀನಿ. ಯಾರ್ಗೂ ಕಾಣಕ್ಕಿಲ್ಲ ನೀನು. ಬಾರ್ಸು.”

ಕುಳಿತೆ. ನನ್ನ ಹಿಂದೆ ಹೆಂಗಸರು, ಎದುರಿಗೆ ಅತ್ತೆಯ ಮುಖ. ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ಅವರ ಮುಖ ನೋಡಿದ್ದೂ ಅಂದೇ. ಗದ್ದದ ಮೇಲಿನ ಹಚ್ಚೆಯ ಹಸಿರು ಚುಕ್ಕೆಗಳಲ್ಲಿ ಒಂದು ಅಳಿಸಿಹೋಗಿತ್ತು.

ಮೊದಲ ಚರಣ ಕೆಟ್ಟಿತು. ಉಪದೇಶಿಗಳ ಒಂಟಿ ಸ್ವರಕ್ಕೆ ಒಗ್ಗಿದ್ದ ಜನ, ನನ್ನ ಎಡಗೈಯ ತಗ್ಗಿನ ಸ್ವರಗಳನ್ನು ಕೇಳಿ ಇದು ಬೇರೆ ಹಾಡೇನೋ ಎಂದು ಅರ್ಧಕ್ಕೇ ನಿಂತರು. ಎಡಗೈ ತೆಗೆದೆ. ಬಲಗೈಯಲ್ಲಿ ರಾಗ ತೋರಿಸಿದೆ. ಸೇರಿಕೊಂಡರು. ಮೂರನೆಯ ಚರಣಕ್ಕೆ ಎಡಗೈಯನ್ನು ಮೆಲ್ಲಗೆ ಒಳಗೆ ಬಿಟ್ಟೆ; ಈ ಸಲ ಯಾರೂ ಬೆಚ್ಚಲಿಲ್ಲ. ಅತ್ತೆಯೂ ಹಾಡುತ್ತಿದ್ದರು. ಹಾಡು ಏರಿದ ಕಡೆ ಅವರ ಕೈಯೂ ರಭಸವಾಗುತ್ತಿತ್ತು, ಅದರ ಹಿಂದೆಯೇ ಪೆಟ್ಟಿಗೆಯ ದನಿ, ಅದರ ಹಿಂದೆ ಸಭೆಯ ದನಿ. ಅವರಿಗೆ ಬಾಯಿಗೆ ಬರದ ಸಾಲುಗಳಲ್ಲಿ ಎಲ್ಲವೂ ಸಣ್ಣಗಾಗುತ್ತಿತ್ತು. ಹಾಡಿನ ಏರಿಳಿತ ನನ್ನ ಕೈಯಲ್ಲಿದೆ ಎಂದುಕೊಂಡು ಕಲಿತವಳು ನಾನು. ಆ ದಿನ ಅದು ಅವರ ಉಸಿರಿನಲ್ಲಿತ್ತು. ನನಗೆ ಬೇಸರವಾಗಲಿಲ್ಲ. ಬೆರಳ ಕೆಳಗೆ ಎರಡು ಕೈಯ ಸ್ವರಗಳು ಕೂಡಿ ಏಳುತ್ತಿದ್ದವು. ಎಷ್ಟೋ ಕಾಲದಿಂದ ನನಗೆ ಬೇಕಾಗಿದ್ದದ್ದು ಅದೇ. ಕಣ್ಣು ತುಂಬಿದ್ದು ಯಾರಿಗೂ ಕಾಣುವಂತಿರಲಿಲ್ಲ. ಅತ್ತೆಗೆ ಕಂಡಿತು. ಅವರು ಒತ್ತುವುದನ್ನು ನಿಲ್ಲಿಸಲಿಲ್ಲ.

ಗೋಡೆಯ ಬಳಿ ಜನ ಸೇರಿದ್ದು ನನಗೆ ಗೊತ್ತಾದದ್ದು ಕೊನೆಯಲ್ಲಿ, ಎದ್ದು ನಿಂತಾಗ. ಕಲ್ಲಿನ ಉದ್ದಕ್ಕೂ ಮಡಿಸಿಟ್ಟ ಕಂಬಳಿಗಳು ಕುಳಿತಿದ್ದವು. ಹಳೆಯವು, ತೇಪೆ ಹಾಕಿದವು, ಕೆಲವು ಹೊಸವೂ. ಹೊಸವುಗಳಿಂದ ನೇಯುವಾಗ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಬರುತ್ತಿತ್ತು.

ಹೊತ್ತಿಳಿಯುವ ಮೊದಲೇ ಹೆಂಗಸರು ಅವನ್ನು ಹಂಚಿಕೊಂಡು ಹೊತ್ತು ಗುಡಿಸಲುಗಳಿಗೆ ಹೋದೆವು. ಅತ್ತೆಯ ಬಲತೋಳು ಮರಗಟ್ಟಿತ್ತು. ಅವರ ಪಾಲಿನದನ್ನೂ ನಾನೇ ಹೊತ್ತೆ. ಒಂದು ಗುಡಿಸಲಿನಲ್ಲಿ ಗೋಣಿಯ ಮೇಲೆ ಮಲಗಿ ನಡುಗುತ್ತಿದ್ದ ಮುದುಕಿಗೆ ಅತ್ತೆ ಎಡಗೈಯಲ್ಲೇ ಕಂಬಳಿ ಹೊದಿಸಿ, ಪಾದದ ಕೆಳಗೆ ಸಿಕ್ಕಿಸಿದರು.

“ಪೆಟ್ಟಿಗೆ ಸದ್ದು ಇಲ್ಲೀಗಂಟ ಕೇಳ್ತಿತ್ತು ಕಣವ್ವ,” ಎಂದಳು ಮುದುಕಿ, ಹಲ್ಲು ಕಟಕಟಿಸುತ್ತ. “ಯಾರು ಬಾರ್ಸಿದ್ದು?”

ನಾನು ಕಾದೆ.

“ನಮ್ಮನೆಯೋರೇ ಕಣವ್ವ,” ಎಂದರು ಅತ್ತೆ. “ಮಾತಾಡ್ಬ್ಯಾಡ, ಬೆಚ್ಚಗೆ ಮಲಿಕ್ಕ.”

ನಮ್ಮನೆಯೋರು. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿಟ್ಟುಕೊಂಡು ನಡೆದೆ. ನನ್ನ ಸೊಸೆ ಎಂದಿದ್ದರೆ ಇನ್ನೂ ಹಿತವಾಗುತ್ತಿತ್ತು. ಆದರೂ ಆ ಮನೆಯೊಳಗೆ ನಾನೂ ಇದ್ದೆನಲ್ಲ.

ಮನೆಗೆ ಬಂದು, ಹರಳೆಣ್ಣೆ ಬಿಸಿ ಮಾಡಿ, ಹಿತ್ತಲ ಕಟ್ಟೆಯ ಮೇಲೆ ಅತ್ತೆಯ ತೋಳಿಗೆ ತಿಕ್ಕುತ್ತ ಕುಳಿತೆ. ಅವರು ಕಣ್ಣು ಮುಚ್ಚಿದ್ದರು. ಪಕ್ಕದ ಮನೆ ದಿನಸಿ ಅಂಗಡಿಯವರದು, ಶೈವರು. ಅಂಗಡಿಯವರ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಬಂದು, ಸೀರೆಯೊಂದನ್ನು ಮಡಿಸುತ್ತ ಬೇಲಿಯ ಆಚೆಯಿಂದ ನನ್ನನ್ನು ಕರೆದರು:

“ಏನಮ್ಮ, ನಿಮ್ಮತ್ತೆ ಇವತ್ತು ಪೆಟ್ಟಿಗೆ ಬಾರ್ಸಿದ್ರಂತೆ! ನಮ್ಮ ಯಜಮಾನ್ರು ಗೋಡೆ ಹತ್ರ ನಿಂತು ಕಣ್ಣಾರೆ ನೋಡ್ಕಂಡು ಬಂದವ್ರೆ. ಏನು ಕೈಯಂತೀನಿ, ಈ ವಯಸ್ನಲ್ಲಿ! ನೀನೂ ಕಾನ್ವೆಂಟಲ್ಲಿ ಓದಿದೋಳು, ಅವ್ರ ಹತ್ರ ಕೂತು ಒಸಿ ಕಲ್ತ್ಕಬಾರ್ದಾ?”