ಕುರಿಗಳ ಹಲ್ಲು ನೋಡುವವನ ಹಲ್ಲು

ಟಗರಿನ ತುಟಿಯನ್ನು ಹೆಬ್ಬೆರಳಿನಿಂದ ಸರಿಸಿ ಕುರಿ ದಲ್ಲಾಳಿ ದೊಡ್ಡಬೀರಪ್ಪ "ನಾಕು ಹಲ್ಲೈತಿ" ಎಂದನೆಂದರೆ ಅದರ ವಯಸ್ಸಿನ ಬಗ್ಗೆ ಸಂತೆಯಲ್ಲಿ ಯಾರೂ ಮತ್ತೆ ತಕರಾರು ಎತ್ತುವುದಿಲ್ಲ. ಆದರೆ ಅವನದೇ ಕೋರೆಹಲ್ಲು ಚಿಕ್ಕಂದಿನಿಂದ ಒಸಡಿನ ಮೇಲೆ ಹತ್ತಿ ಕೂತಿತ್ತು, ಐವತ್ತೆರಡನೆಯ ವಯಸ್ಸಿನಲ್ಲಿ ಅವನು ಕೊಟ್ಟೂರಿನ ದಂತವೈದ್ಯೆ ಪುಷ್ಪಲತಾ ಬಳಿ ಬಂದು ಅದಕ್ಕೆ ತಂತಿ ಹಾಕಿಸಿಕೊಂಡ. ಅಂದಿನಿಂದ ತಿಂಗಳಿಗೊಮ್ಮೆ ಬಂದು ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂರುತ್ತಾನೆ, ತಂತಿ ಬಿಗಿಯುವಾಗ ಕಂಬಳಿಯ ಅಂಚು ಹಿಂಡುತ್ತಾನೆ, ಮುಗಿದೊಡನೆ ಕೈಗನ್ನಡಿ ಇಸಿದುಕೊಂಡು ಗರ್ಭಗುಡಿಯೊಳಗೆ ನೋಡುವವನಂತೆ ತನ್ನ ಬಾಯೊಳಗೆ ಇಣುಕುತ್ತಾನೆ. "ಡಾಕ್ಟ್ರಮ್ಮಾ, ಹಲ್ಲು ಹುಟ್ಟಾದು ನೋಡೀನಿ, ಬೀಳಾದು ನೋಡೀನಿ. ಎಲುಬಿನಾಗ ನಟ್ಟ ಹಲ್ಲು ನಡಕೊಂತ ಬರ್ತೈತಂದ್ರ ಏನ್ರಿ ಇದು!" ಎನ್ನುತ್ತಾನೆ. ತಿಂಗಳಿಗೆ ಅರ್ಧ ಜೋಳದ ಕಾಳಿನಷ್ಟೂ ಸರಿಯದ ಆ ಹಲ್ಲಿನ ಪ್ರಯಾಣವನ್ನು ಹಡಗಲಿ, ಹರಪನಹಳ್ಳಿ ಸಂತೆಗಳಲ್ಲೆಲ್ಲ ಬಾಯಿ ತೆರೆದು ತೋರಿಸುತ್ತಾನೆ. ಕುರಿ ಕೊಳ್ಳಲು ಬಂದವರು ಮೊದಲು ಇವನ ಹಲ್ಲು ನೋಡಬೇಕು. ನೂರಾರು ಬಾಯಿಗೆ ತಂತಿ ಕಟ್ಟಿದ ಪುಷ್ಪಲತಾಗೂ ಅವನು ಬಂದುಹೋದ ದಿನ ತಮ್ಮ ಕೈಯ ಕೆಲಸವೇ ಪವಾಡದಂತೆ ಕಾಣುತ್ತದೆ. ಮೊನ್ನೆ ಹಲ್ಲು ಸಾಲಿಗೆ ಬಂದು ನಿಂತಾಗ ಅವನ ಹಿಂದೆ ಇಪ್ಪತ್ಮೂರರ ಮಗಳು ಚಂದನಾ ಬಂದಿದ್ದಳು; ತುಟಿ ತೆರೆದರೆ ಅವಳದೂ ಅದೇ ಜಾಗದ ಅದೇ ಹಲ್ಲು. ದೊಡ್ಡಬೀರಪ್ಪ ಕುರ್ಚಿಯನ್ನು ಕಂಬಳಿಯಿಂದ ಒರೆಸಿ ಅವಳನ್ನು ಕೂರಿಸಿದ. "ಈ ವಯಸ್ಸಿನಾಗ ನನ್ನ ಹಲ್ಲು ಯಾರು ನೋಡ್ತಾರ್ರಿ? ಇಕಿ ಭಾಳ ಹೆದರತಿದ್ಲು. ಅದಕ್ಕ ಮೊದಲು ನಾನು ಕುಂತೆ."